ಖಾಲಾ ಮನೆಯ ಖಾಲಿ ಕುಂಡ

ಮದರಂಗಿ ಹಚ್ಚಿ ಹಚ್ಚಿ ಅವರ ಬೆರಳ ತುದಿಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಉಗುರಿನ ಸಂದಿಯಲ್ಲಿ ಮಾತ್ರ ಸದಾ ಒಂದಿಷ್ಟು ಕಪ್ಪು ಮಣ್ಣು. ಆ ಕೈಯಿಂದಲೇ ನನಗೆ ಬಸಿಯಲ್ಲಿ ಚಹಾ ಕೊಡುತ್ತಿದ್ದರು. ನಾನು ಚಹಾ ಬಿಟ್ಟು ಉಗುರನ್ನೇ ನೋಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ನಾವು ರಾಯಚೂರಿನಲ್ಲಿ ಅವರ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದೆವು. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ನಡುಮನೆಯಲ್ಲಿ, ಪರದೆ ಬಿಟ್ಟ ಕಿಟಕಿಯ ಕೆಳಗೆ, ಒಂದು ಮಣ್ಣಿನ ಕುಂಡವಿತ್ತು. ಅದರಲ್ಲಿ ಗಿಡವಿಲ್ಲ, ಎಲೆಯಿಲ್ಲ, ಬರೀ ಮಣ್ಣು. ಬರೀ ಮಣ್ಣಿಗೆ ಇಷ್ಟೇಕೆ ಉಪಚಾರ ಎಂದು ಕೇಳಿದರೆ ಖಾಲಾ ತುಟಿಯ ಮೇಲೆ ಬೆರಳಿಟ್ಟರು.

"ಸಣ್ಣಗ ಮಾತಾಡವ್ವಾ. ಒಳಗ ಮಲಗ್ಯಾದ."

ಮಲಗಿದ್ದದ್ದು ಒಂದು ಹೂವಿನ ಗಡ್ಡೆ. ಖಾಲಾ ಮಾನ್ವಿಯ ತವರಿನಿಂದ ಮದುವೆಯಾಗಿ ಬರುವಾಗ ಅವರ ತಾಯಿ ಕಟ್ಟಿಕೊಟ್ಟದ್ದು. ಆಮೇಲೆ ತಾಯಿ ತೀರಿಕೊಂಡರು, ಅಣ್ಣಂದಿರು ಮನೆ ಮಾರಿ ಹೈದರಾಬಾದಿಗೆ ಹೋದರು. "ನನ್ನ ತೌರಮನಿ ಅಂದ್ರ ಈಗ ಇದೊಂದು ಗಡ್ಡಿ ನೋಡು" ಎನ್ನುತ್ತಿದ್ದರು. ತವರಿನ ಹತ್ತಿರದ ಹೊಳೆದಂಡೆಯ ಊರು ಚೀಕಲಪರ್ವಿಯ ಕಡೆಯವರು ಯಾರಾದರೂ ಸಿಕ್ಕರೆ ಅದಕ್ಕಾಗಿ ಹೊಳೆಯ ಮರಳು ತರಿಸುತ್ತಿದ್ದರು. ಬೇರೆ ಮರಳು ಒಗ್ಗುವುದಿಲ್ಲವಂತೆ. ಗಡ್ಡೆಗೋ ಖಾಲಾಗೋ ಎಂದು ನಮ್ಮವರು ನಗುತ್ತಿದ್ದರು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊರಗೆ ರಾಯಚೂರು ಹೆಂಚಿನಂತೆ ಕಾಯುತ್ತಿದ್ದರೆ, ಖಾಲಾ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ನನ್ನನ್ನೂ ಒಳಗೆ ಕರೆಯುತ್ತಿದ್ದರು. ಇಬ್ಬರೂ ಕುಂಡದ ಪಕ್ಕ ನೆಲಕ್ಕೊರಗುತ್ತಿದ್ದೆವು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. "ಅದು ಹೊಳೀ ಕನಸು ಕಾಣಾಕತ್ತದ," ಅವರ ದನಿ ಎಲ್ಲೋ ದೂರದಿಂದ ಬರುತ್ತಿತ್ತು, "ನೀರಿನ ಸಪ್ಪಳ ಕೇಳಸ್ತದೇನು?" ನನಗೂ ಕೇಳಿಸಿದಂತಾಗುತ್ತಿತ್ತು. ಒಂದು ದಿನ ಕಣ್ಣು ಬಿಟ್ಟರೆ ಮಣ್ಣಿನಿಂದ ಒಂದು ದಂಟು ಎದ್ದಿತ್ತು. ಕೆಲವೇ ದಿನಗಳಲ್ಲಿ ಎಲೆಯಿಲ್ಲದ ಆ ದಂಟಿನ ತುದಿಗೆ ದುಂಡನೆಯ ಕೆಂಪು ಹೂವು. ಖಾಲಾ ಅದನ್ನು ಗೋಲಾ ಎನ್ನುತ್ತಿದ್ದರು. ಅದು ಬಾಡುವವರೆಗೂ ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ. ತವರಿನವರು ಬಂದಾಗ ಬಿಟ್ಟು ಹೋಗುವುದು ಹೇಗೆ?

ಚಳಿಗಾಲದಲ್ಲಿ ಗಡ್ಡೆಯನ್ನು ಹೊರತೆಗೆದು, ಬುಟ್ಟಿಯಲ್ಲಿಟ್ಟು ನಮ್ಮ ಖೋಲಿಯ ಬಾಗಿಲ ನೆರಳಲ್ಲಿ ಆರಬಿಡುವುದು ಅವರ ರೂಢಿ. ಒಮ್ಮೆ ನನ್ನ ತವರು ಗಬ್ಬೂರಿನಿಂದ ಬಂದಿದ್ದ ನಮ್ಮವ್ವನಿಗೆ ಗಡ್ಡೆಯೆಂದರೆ ಉಳ್ಳಾಗಡ್ಡಿಯೇ. ಕಡಲೆಹಿಟ್ಟಿನ ಜುಣಕ ಮಾಡಲು ಅದನ್ನೆತ್ತಿಕೊಂಡು ಈಳಿಗೆಯಲ್ಲಿ ನಡುವೆ ಸೀಳಿಬಿಟ್ಟಳು.

"ಇದೆಂಥ ಉಳ್ಳಾಗಡ್ಡಿ ಬೇ, ಕಣ್ಣಾಗ ನೀರು ಬರಲಿಲ್ಲಲ್ಲ?"

ನೀರು ಬಂದದ್ದು ಬಾಗಿಲಲ್ಲಿ ನಿಂತಿದ್ದ ಖಾಲಾ ಕಣ್ಣಲ್ಲಿ. ವಿಷಯ ತಿಳಿದ ಅವ್ವ ನೆಲ ನೋಡುತ್ತ ಕೂತಳು, ತುತ್ತು ಮುಟ್ಟಲಿಲ್ಲ. ಖಾಲಾ ಒಳಗೆ ಬಂದು ಎರಡೂ ಹೋಳುಗಳನ್ನೆತ್ತಿ ತಿರುವಿ ನೋಡಿದರು. ಬುಡದ ಬೇರಿನ ಗಂಟು ಎರಡರಲ್ಲೂ ಅರ್ಧರ್ಧ ಉಳಿದಿತ್ತು. ಕಡಿದ ಬದಿಗೆ ಒಲೆಯ ಬೂದಿ ಸವರಿ, ಅವ್ವನ ಮುಂದೆ ತಾವೇ ತಾಟು ಸರಿಸಿದರು.

"ಉಣ್ರಿ ಯವ್ವಾ. ನೀವು ಹಸಕೊಂಡು ಕುಂತ್ರ ಅದೇನು ಏಳ್ತದ? ಉಳಿಯೋದು ಬಿಡೋದು ಅಲ್ಲಾನ ಮರ್ಜಿ."

ಎರಡು ಕುಂಡಗಳಲ್ಲಿ ಎರಡು ಹೋಳುಗಳು ಮಲಗಿದವು. ಆ ಬೇಸಿಗೆ ಹೂವಿಲ್ಲ, ಎಲೆಯೂ ಇಲ್ಲ. ಖಾಲಾನ ಖಾಲಿ ಕುಂಡ ಎಂದು ಚ್ಯಾಷ್ಟಿ ಮಾಡುತ್ತಿದ್ದ ನಾನೂ ಈಗ ಆ ಮಾತು ಬಿಟ್ಟೆ. ಖಾಲಾ ಮಾತ್ರ ದಿನಾ ಅವುಗಳ ಪಕ್ಕದಲ್ಲೇ ಒರಗುತ್ತಿದ್ದರು. ಮಳೆಗಾಲದ ಒಂದು ಮಧ್ಯಾಹ್ನ ನನ್ನ ಭುಜ ಅಲುಗಾಡಿಸಿದರು. ಎರಡರಲ್ಲೂ ಹಸಿರು ಮೊನೆ ಕಾಣುತ್ತಿತ್ತು.

"ಏಳವ್ವಾ, ಎರಡು ತೌರಮನಿ ಆದ್ವು."

ಮುಂದೆ ನಮ್ಮವರಿಗೆ ದೇವದುರ್ಗಕ್ಕೆ ವರ್ಗವಾಯಿತು. ಹೊರಡುವ ದಿನ ಖಾಲಾ ನನ್ನನ್ನು ಮಣೆಯ ಮೇಲೆ ಕೂರಿಸಿ "ಸೆರಗು ಒಡ್ಡು" ಎಂದರು. ಅವ್ವ ನನ್ನ ಉಡಿ ತುಂಬಿದ್ದನ್ನು ಅವರು ಒಮ್ಮೆ ನೋಡಿದ್ದರು. ಅಕ್ಕಿ ಹಾಕಿದರು, ಅರಿಶಿನದ ಕೊಂಬು ಇಟ್ಟರು, ಕೊಬ್ಬರಿ ಬಟ್ಟಲಿಡುವ ಜಾಗದಲ್ಲಿ ಎರಡರಲ್ಲೊಂದು ಗಡ್ಡೆ ಇಟ್ಟರು.

"ನಿಮ್ಮವ್ವ ಮಾಡಿದಂಗ ಮಾಡೀನಿ. ಏನರ ತಪ್ಪಿದ್ರ ಹೇಳು."

ಎಲ್ಲ ಸರಿಯಿದೆ ಎಂದೆ. ಅವ್ವ ತೀರಿಕೊಂಡ ಮೇಲೆ ನಾನು ಗಬ್ಬೂರಿನಲ್ಲಿ ಇಳಿಯುವುದನ್ನು ಬಿಟ್ಟೆ. ಬಸ್ಸು ಅಲ್ಲಿ ನಿಂತಾಗ ಕಿಟಕಿಯಿಂದ ನೋಡುತ್ತ ಕೂತು, ನೇರ ರಾಯಚೂರಿಗೆ, ಖಾಲಾ ಮನೆಗೆ ಹೋಗುತ್ತಿದ್ದೆ.

ಖಾಲಾ ತೀರಿಹೋದದ್ದು ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಚಳಿಗಾಲದಲ್ಲಿ. ಸುದ್ದಿ ನನಗೆ ತಡವಾಗಿ, ಬಿಸಿಲು ಏರತೊಡಗಿದ ಮೇಲೆ, ಮುಟ್ಟಿತು. ಆ ನಡುಮನೆಗೆ ಕಾಲಿಟ್ಟವಳೇ ದನಿ ತೆಗೆದು ಅತ್ತೆ. ಅವರ ಸೊಸೆ ಬಂದು ನನ್ನ ಕೈ ಹಿಡಿದಳು.

"ಸಣ್ಣಗ ಅಳ್ರಿ ಅಕ್ಕಾ. ಮಲಗ್ಯಾದ."

ಯಾರು ಎಂದು ಒಂದು ಕ್ಷಣ ತಿಳಿಯಲಿಲ್ಲ. ಕಿಟಕಿಯ ಕೆಳಗೆ ಕುಂಡ ಹಾಗೇ ಇತ್ತು. ಹೊರಡಲು ಎದ್ದಾಗ ಅವಳು ಒಳಗಿಂದ ಮೊರ ತಂದಳು. "ಸೆರಗು ಒಡ್ರಿ. ನೀವು ಬಂದ್ರ ಬರೇ ಉಡೀಲೆ ಕಳಸಬ್ಯಾಡ ಅಂತ ಹೇಳಿ ಹೋಗ್ಯಾರ." ಸಾವಿನ ಮನೆಯಲ್ಲಿ ಉಡಿ ತುಂಬುವುದಿಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನೆ ಸೆರಗು ಒಡ್ಡಿದೆ. ಅಕ್ಕಿ ಬಿತ್ತು, ಅರಿಶಿನದ ಕೊಂಬು ಬಿತ್ತು. ಕೊಬ್ಬರಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಮರಿಗಡ್ಡೆ ಇಟ್ಟಳು. ಖಾಲಾ ಅವಳಿಗೆ ಹಾಗೇ ಕಲಿಸಿದ್ದರು.