ಪೀರನವಾಡಿ ಎಂಬ ಪುಟ

ನನಗೆ ರಾಕ್ಷಸರು ಬೇಕು. ಹಾರುವ ಕುದುರೆ, ಮಾತಾಡುವ ಬಾವಿ, ಶಾಪ ತಗುಲಿದ ರಾಜ್ಯ, ಎಲ್ಲವೂ ಬೇಕು. ವಯಸ್ಸು ಐವತ್ತು ದಾಟಿದೆ, ಮೊಮ್ಮಗಳು ಹುಟ್ಟಿದ್ದಾಳೆ, ಮೆಟ್ಟಿಲು ಹತ್ತಿದರೆ ಮಂಡಿ ಹಿಡಿಯುತ್ತದೆ, ಆದರೂ ಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಓದುಗರ ಬಳಗದಲ್ಲಿ ನಾನು ಒಂದು ಫ್ಯಾಂಟಸಿ ಕಾದಂಬರಿಯ ಹೆಸರು ಎತ್ತಿದಾಗಲೆಲ್ಲ ಯಾರಾದರೊಬ್ಬರು ‘ಮೊಮ್ಮಗಳಿಗೇನ್ರಿ?’ ಎಂದು ಕೇಳುತ್ತಾರೆ. ಅಲ್ಲ, ನನಗೇ.

ಬಳಗ ಸೇರುವುದು ಬೆಳಗಾವಿಯ ಟಿಳಕವಾಡಿಯಲ್ಲಿ, ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಮಾಳಿಗೆಯ ಮೇಲೆ, ತಿಂಗಳಿಗೊಂದು ಭಾನುವಾರ ಮಧ್ಯಾಹ್ನ. ಅವರನ್ನು ನಾವೆಲ್ಲ ಸಾವಕಾರ್ರು ಅನ್ನುತ್ತೇವೆ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಜಗಳ ಎಷ್ಟೇ ಬಿಸಿ ಏರಿರಲಿ, ಕಿಟಕಿಯ ಬಿಸಿಲು ಕೆಂಪಾಯಿತೆಂದರೆ ಸಾವಕಾರ್ರು ಎದ್ದು ನಿಲ್ಲುತ್ತಾರೆ, ನಾವೂ ಚಪ್ಪಲಿ ಹುಡುಕುತ್ತೇವೆ. ಅಧ್ಯಕ್ಷರು ಅಂತ ಯಾರೂ ಇಲ್ಲ. ಆದರೆ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಒಬ್ಬ ಸರ್ ಇದ್ದಾರೆ, ಅವರು ಕೆಮ್ಮಿದರೆ ಉಳಿದವರು ಸುಮ್ಮನಾಗುತ್ತಾರೆ. ಅಧ್ಯಕ್ಷಗಿರಿ ಅಂದರೆ ಇನ್ನೇನು!

ಸರ್ ತಂದ ಪದ್ಧತಿಯೊಂದಿದೆ. ಪುಸ್ತಕದ ಬಗ್ಗೆ ಯಾರೇ ಬಾಯಿ ತೆರೆಯಲಿ, ಮೊದಲು ಪುಟ ಹೇಳಬೇಕು. ‘ಆ ತಾಯಿಯ ಪಾತ್ರ ಬಹಳ ಚೆಂದ’ ಅಂದರೆ ನಡೆಯುವುದಿಲ್ಲ. ‘ಯಾವ ಪುಟ?’ ಎಂಬ ಪ್ರಶ್ನೆ ಬರುತ್ತದೆ. ಹೇಳಿದರೆ ಎಲ್ಲರೂ ಆ ಪುಟ ತೆರೆಯುತ್ತಾರೆ, ಆಮೇಲೆ ಮಾತು. ಹಿಂದೆ ಕೆಲವರು ಬೆನ್ನುಡಿ ಮಾತ್ರ ಓದಿ ಬಂದು ತಾಸುಗಟ್ಟಲೆ ಕೊರೆಯುತ್ತಿದ್ದರು, ಅವರ ಕಾಟಕ್ಕೆ ಹುಟ್ಟಿದ ನಿಯಮ. ಒಮ್ಮೊಮ್ಮೆ ಒಬ್ಬರು ಹೇಳಿದ ಪುಟದಲ್ಲಿ ಇನ್ನೊಬ್ಬರಿಗೆ ಆ ಸಾಲು ಸಿಗುವುದಿಲ್ಲ. ಆಗ ‘ನಿಮ್ಮದು ಯಾವ ಆವೃತ್ತಿ?’ ಅನ್ನುತ್ತಾರೆ. ಹಳೆಯ ಮುದ್ರಣ, ಹೊಸ ಮುದ್ರಣ ಅಂತ ತಿಳಿದರೆ ಸಾಕು, ಜಗಳ ಅಲ್ಲಿಗೇ ಮುಗಿಯುತ್ತದೆ. ಒಳ್ಳೆಯ ಪದ್ಧತಿ. ನನಗೂ ಇಷ್ಟವಿತ್ತು, ಕಣ್ಣು ಸರಿ ಇದ್ದಷ್ಟು ದಿನ.

ಮೊದಲು ಅಕ್ಷರಗಳು ಅಲುಗಾಡಿದವು. ಆಮೇಲೆ ಸಾಲಿನ ನಡುವೆ ಒಂದು ಮಸಿ ಕಲೆ ಬಂದು ಕುಳಿತಿತು. ಎಲ್ಲಿ ನೋಡಬೇಕೋ ಅಲ್ಲೇ ಕಲೆ, ಸುತ್ತಲಿನದೆಲ್ಲ ಕಾಣುತ್ತದೆ. ಕಣ್ಣಿನ ಹಿಂದಿನ ಪರದೆ ಸವೆದಿದೆ, ಇದ್ದುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಬಸ್ಸು ಹತ್ತಬಲ್ಲೆ, ರೊಟ್ಟಿ ಬಡಿಯಬಲ್ಲೆ, ಉದ್ಯಮಬಾಗದ ಫೌಂಡ್ರಿಯ ಆಫೀಸಿನಲ್ಲಿ ಫೋನು ಎತ್ತುವ ನನ್ನ ಕೆಲಸಕ್ಕೂ ಧಕ್ಕೆ ಇಲ್ಲ. ಓದುವುದೊಂದು ಮಾತ್ರ ಹೋಯಿತು. ನನಗೆ ಸಿಟ್ಟು ಬಂತು. ಕೈ ಹೋಗಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಬಳಗದಲ್ಲಿ ಯಾರಿಗೂ ಹೇಳಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ನನ್ನ ಜಾತಕದಲ್ಲೇ ಇಲ್ಲ.

ಒಬ್ಬಳಿಗೆ ಮಾತ್ರ ಗೊತ್ತಾಯಿತು. ವಡಗಾವಿಯಿಂದ ಬರುವ ಗೆಳತಿ ಅವಳು, ನನಗಿಂತ ಚಿಕ್ಕವಳು. ಮನೆಯಲ್ಲಿ ದಖ್ಖನಿ ಮಾತು, ಮನೆಯ ಮುಂಭಾಗದಲ್ಲಿ ಪವರ್‌ಲೂಮು. ನಾನು ಪುಸ್ತಕವನ್ನು ಓರೆ ಹಿಡಿದು ಕಣ್ಣಂಚಿನಿಂದ ನೋಡುವುದನ್ನು ಕಂಡು ಸುಮ್ಮನೆ ನನ್ನ ಫೋನು ಕಿತ್ತುಕೊಂಡಳು, ಅದರಲ್ಲಿ ಒಂದು ಕಾದಂಬರಿ ಹಾಕಿಕೊಟ್ಟಳು. ‘ಅಕ್ಕಾ, ಇದು ಅಚ್ಚಾಗಿಲ್ಲ, ಬರೇ ದನಿಯಾಗ ಐತಿ. ನಾ ಮಗ್ಗದ ಸಪ್ಪಳದಾಗ ಕಿವಿಗೆ ಹಾಕ್ಕೊಂಡು ಕೇಳೀನಿ. ನಿಮ್ಮಂಥಾ ರಾಕ್ಷಸರ ಹುಚ್ಚಿನವರಿಗೆ ಹೇಳಿ ಮಾಡಿಸಿದ್ದು’ ಎಂದಳು. ಒಬ್ಬ ಓದುಗರು ಇನ್ನೊಬ್ಬರಿಗೆ ಕೊಡಬಹುದಾದದ್ದು ಇಷ್ಟೇ. ನಿನ್ನ ರುಚಿ ನನಗೆ ಗೊತ್ತು, ತಗೋ ತಿನ್ನು.

ಕಥೆ ಹೀಗಿದೆ. ಒಂದು ರಾಜ್ಯ. ಅಲ್ಲಿ ಕಂದಾಯಕ್ಕೆ ಧಾನ್ಯ ಕೊಡುವಂತಿಲ್ಲ, ನೆನಪು ಕೊಡಬೇಕು. ವರ್ಷಕ್ಕೊಮ್ಮೆ ಅರಮನೆಯ ಆಳುಗಳು ಮಣ್ಣಿನ ಗಡಿಗೆ ಹಿಡಿದು ಬರುತ್ತಾರೆ, ಪ್ರತಿ ಮನೆಯವರೂ ಗಡಿಗೆಯ ಬಾಯಿಗೆ ಬಾಯಿ ಇಟ್ಟು ಒಂದು ನೆನಪನ್ನು ಅದರೊಳಗೆ ಹೇಳಬೇಕು. ಹೇಳಿದ್ದೇ ತಡ, ಅದು ಅವರಿಂದ ಅಳಿಸಿಹೋಗುತ್ತದೆ. ಖಾನಾಪುರದವಳಾದ ನನಗೆ ಆ ಗಡಿಗೆ ಚೆನ್ನಾಗಿ ಕಂಡಿತು. ನಮ್ಮೂರಿನ ಕುಂಬಾರರ ಅಂಗಳದಲ್ಲಿ ಒಣಗಲು ಇಟ್ಟ ಗಡಿಗೆಗಳ ಬಾಯಿಗೆ ಮಕ್ಕಳು ಹೋಗಿ ಕೂಗುತ್ತವೆ, ಕುಂಬಾರರು ಬೈದು ಓಡಿಸುತ್ತಾರೆ.

ನಾನು ದಿನಾ ಬೆಳಿಗ್ಗೆ ಖಾನಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹೊರಟಾಗ ಫೋನಿನಲ್ಲಿ ಒಂದು ಅಧ್ಯಾಯ ಹಚ್ಚುತ್ತಿದ್ದೆ. ಫ್ಯಾಕ್ಟರಿ ಹೊತ್ತಿನ ಬಸ್ಸು ಅದು, ಊರಲ್ಲೇ ತುಂಬುತ್ತದೆ, ದಾರಿಯಲ್ಲಿ ಕೈ ಮಾಡಿದರೂ ನಿಲ್ಲುವುದಿಲ್ಲ. ಪ್ರಭುನಗರ, ದೇಸೂರ, ಮಚ್ಛೆ, ಪೀರನವಾಡಿ, ಉದ್ಯಮಬಾಗ. ಪಕ್ಕದಲ್ಲಿ ಕೂರುವ ಮರಾಠಿ ಅಕ್ಕ ಒಂದು ದಿನ ‘ಕಾಯ್ ಐಕ್ತೇಸ್?’ ಎಂದು ಕೇಳಿದರು. ಏನು ಕೇಳುತ್ತಿದ್ದೇನೆ ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದೆ. ಮರುದಿನ ಸೀಟು ಹಿಡಿದಿಟ್ಟುಕೊಂಡು ಕಾದಿದ್ದರು. ‘ಮಗ ಪುಢ ಕಾಯ್ ಝಾಲಂ?’ ಎಂದರು, ಮುಂದೇನಾಯಿತು ಅಂತ. ಅವರು ಒಂದು ದಿನವೂ ಪುಟ ಕೇಳಲಿಲ್ಲ.

ಆ ಕಾದಂಬರಿಯಲ್ಲಿ ಮಗು ಕಳೆದುಕೊಂಡ ಒಬ್ಬ ಮುದುಕಿ ಇದ್ದಾಳೆ. ಗಡಿಗೆಯವರು ಅವಳ ಬಾಗಿಲಿಗೆ ಬಂದು, ಆ ಸಾವನ್ನೇ ಕೊಟ್ಟುಬಿಡು, ನಿನಗೂ ಹಗುರ, ನಮಗೂ ಕಂದಾಯ ಸಂದಂತಾಯಿತು ಎನ್ನುತ್ತಾರೆ. ಅದಕ್ಕೆ ಅವಳು ಕೊಡುವ ಉತ್ತರ ಬಂದಾಗ ನನ್ನ ಬಸ್ಸು ಪೀರನವಾಡಿಯಲ್ಲಿತ್ತು. ಹೊಸದಾಗಿ ಎದ್ದ ಮನೆಗಳ ಸಾಲು, ಕಟ್ಟುತ್ತಿರುವ ಗೋಡೆಗೆ ಪೈಪಿನಿಂದ ನೀರು ಹೊಡೆಯುತ್ತಿದ್ದ ಒಬ್ಬ ಹೆಂಗಸು. ಎಲ್ಲ ಇವತ್ತಿಗೂ ಕಣ್ಣ ಮುಂದಿದೆ. ಕಂಡಕ್ಟರು ‘ಉದ್ಯಮಬಾಗ ಯಾರ್ರೀ’ ಎಂದು ಕೂಗಿದ್ದು ಕಿವಿಗೆ ಬೀಳಲಿಲ್ಲ. ಮೂರನೇ ರೈಲ್ವೆ ಗೇಟಿನ ಹತ್ತಿರ ಇಳಿದು, ಅಳುತ್ತ ಹಿಂದಕ್ಕೆ ನಡೆದೆ. ಆಫೀಸಿನಲ್ಲಿ ಬೈಸಿಕೊಂಡೆ, ಏನೂ ಅನ್ನಿಸಲಿಲ್ಲ.

ಮುಂದಿನ ಭಾನುವಾರ ಪುಸ್ತಕ ಸೂಚಿಸುವ ಸರದಿ ನನ್ನದಾಗಿತ್ತು. ಈ ಕಾದಂಬರಿಯನ್ನು ಸೂಚಿಸಿದೆ. ಫ್ಯಾಂಟಸಿ ಎಂದೊಡನೆ ಸರ್ ನಕ್ಕರು. ‘ಕುಣ್ಯಾಕ ಬರದಾಕಿ ನೆಲ ಡೊಂಕ ಅಂದ್ಲಂತ. ಈ ಲೋಕಾ ಬರ್ಯಾಕ ಆಗದವ್ರು ಬ್ಯಾರೆ ಲೋಕಾ ಕಟ್ಟತಾರ’ ಎಂದರು.

‘ಈ ಲೋಕಾ ಬರದವ್ರು ಎಲ್ಲಾರೂ ನೆಟ್ಟಗ ಕುಣದಾರೇನ್ರಿ ಸರ್?’ ಎಂದೆ. ಹಿಂದಿನ ತಿಂಗಳು ಅವರು ಸೂಚಿಸಿದ್ದ ವಾಸ್ತವವಾದಿ ಕಾದಂಬರಿಯನ್ನು ಅರ್ಧ ಜನ ಮುಗಿಸಿರಲಿಲ್ಲ. ಎಲ್ಲರೂ ನೆಲ ನೋಡಿದರು.

‘ಆತು, ಮೆಚ್ಚಿದ ಭಾಗ ಹೇಳ್ರಿ. ಪುಟ?’

ನನ್ನ ಬಾಯಿಂದ ‘ಪೀರನವಾಡಿ’ ಎಂದು ಬಂತು.

ನಗು ಎದ್ದಿತು. ನಾನು ತಮಾಷೆ ಮಾಡಿರಲಿಲ್ಲ. ಆ ಮಾತು ನನಗೆ ಇರುವುದೇ ಅಲ್ಲಿ. ಇದು ಅಚ್ಚಾಗದ ಕಾದಂಬರಿ, ಖಾನಾಪುರದಲ್ಲಿ ಮುದುಕಿಯ ಅಧ್ಯಾಯ ಹಚ್ಚಿದರೆ ಪೀರನವಾಡಿಗೆ ಆ ಮಾತು ಬರುತ್ತದೆ, ಬೇಕಾದರೆ ಕೇಳಿ ನೋಡಿ ಎಂದು ಬಿಡಿಸಿ ಹೇಳಿದೆ. ಸರ್ ಕೆಮ್ಮಿದರು. ‘ಅದು ಬಸ್ ಸ್ಟಾಪ್ ಆತ್ರಿ ಅಕ್ಕಾರ, ಪುಟ ಅಲ್ಲ. ಕೇಳೂದು ಬ್ಯಾರೆ, ಓದೂದು ಬ್ಯಾರೆ. ಓದದ ಪುಸ್ತಕದ ಬಗ್ಗೆ ಇಲ್ಲಿ ಮಾತಾಡೂ ಹಂಗಿಲ್ಲ.’ ಸಾವಕಾರ್ರ ಕಡೆ ನೋಡಿದೆ. ‘ಇಬ್ಬರದೂ ಖರೇನ ಐತಿ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಆಗ ನನ್ನ ಗೆಳತಿ ತಡೆಯಲಾರದೆ ಎದ್ದಳು. ನಾನು ಸೆರಗು ಹಿಡಿದು ಜಗ್ಗಿದರೂ ಕೇಳಲಿಲ್ಲ. ‘ಸರ್, ಅಕ್ಕಾನ ಕಣ್ಣು ಹೋಗ್ಯಾವ್ರಿ. ಅಕ್ಷರ ಕಾಣೂದಿಲ್ಲ’ ಎಂದುಬಿಟ್ಟಳು.

ಎಲ್ಲರ ಮುಖದಲ್ಲೂ ನಾನು ಹೆದರಿದ್ದ ಆ ಅಯ್ಯೋ ಪಾಪ ಮೂಡಿತು. ಸರ್ ದನಿ ತಗ್ಗಿಸಿದರು. ಅವರು ಕೆಟ್ಟವರಲ್ಲ, ಅದೇ ತೊಂದರೆ. ‘ಮೊದಲ ಹೇಳಬಾರದೇನ್ರಿ? ನಿಮಗ ವಿನಾಯ್ತಿ ಕೊಡೂಣು. ಪುಟ ಹೇಳೂದು ಬ್ಯಾಡ, ಹಂಗ ಮಾತಾಡ್ರಿ’ ಎಂದರು.

ಬೇಕಾದದ್ದು ಸಿಕ್ಕಿತ್ತು. ಮಾತಾಡುವ ಹಕ್ಕು. ಆದರೆ ಅದು ನನ್ನ ಓದಿಗೆ ಸಿಕ್ಕಿರಲಿಲ್ಲ, ಕಣ್ಣಿನ ಕಲೆಗೆ ಸಿಕ್ಕಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಉಗುಳಿದೆ. ‘ವಿನಾಯ್ತಿ ಬ್ಯಾಡ ಸರ್. ನಾ ಆ ಕಾದಂಬರಿ ಓದೀನಿ. ಕಿವಿಲೆ ಓದೀನಿ. ಇವರೆಲ್ಲಾ ಓದಿದಷ್ಟ ಖರೇ ಓದೀನಿ. ಅದನ್ನ ಒಪ್ಪೂದಿದ್ರ ಮಾತಾಡತೀನಿ, ಇಲ್ಲಾಂದ್ರ ಇಲ್ಲ.’ ಯಾರೂ ಒಪ್ಪುತ್ತೇನೆ ಅನ್ನಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಇಳಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಆ ತಿಂಗಳು ಮನೆಯಲ್ಲಿ ಎಲ್ಲರಿಗೂ ನನ್ನಿಂದ ಬೈಗುಳ ಸಿಕ್ಕಿತು. ‘ಬಿಟ್ಟಬಿಡು, ಮನ್ಯಾಗ ಕುಂತು ಕೇಳು, ಯಾರ ಬ್ಯಾಡ ಅಂತಾರ?’ ಎಂದರು ನಮ್ಮ ಯಜಮಾನರು. ಅವರಿಗೆ ಹೇಗೆ ತಿಳಿಸಲಿ? ಒಬ್ಬಳೇ ಕೇಳಿ ಒಬ್ಬಳೇ ಅತ್ತರೆ ಅದು ಅರ್ಧ ಓದು. ಇದನ್ನು ನೀವೂ ಓದಿ, ನಿಮಗೂ ಹೀಗೇ ಆಯಿತೇ ಎಂದು ಇನ್ನೊಬ್ಬರನ್ನು ಕೇಳಿದಾಗಲೇ ಪುಸ್ತಕ ಮುಗಿಯುವುದು. ಮರಾಠಿ ಅಕ್ಕ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರಿಂದ ಬಸ್ಸಿನಲ್ಲೂ ಪಕ್ಕದ ಸೀಟು ಅಪರಿಚಿತರದಾಗಿತ್ತು. ಆ ಬಳಗ ನನಗೆ ಬೇಕಿತ್ತು. ಬೇಕಿತ್ತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅದಕ್ಕೇ ಮುಂದಿನ ತಿಂಗಳ ಸಭೆಗೆ ಹೋದೆ. ಹೋಗದಿದ್ದರೆ ಬಿಟ್ಟುಕೊಟ್ಟಂತೆ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಕಿಟಕಿ ಪಕ್ಕದ ನನ್ನ ಮಾಮೂಲಿ ಕುರ್ಚಿಯಲ್ಲಿ ಕುಳಿತೆ. ಮಾತಾಡುವುದಿಲ್ಲ ಅಂದಿದ್ದೇನೆ, ಕೂರುವುದಿಲ್ಲ ಅಂದಿಲ್ಲವಲ್ಲ. ಗೆಳತಿ ಬಂದು ಪಕ್ಕದಲ್ಲಿ ಕುಳಿತಳು. ‘ಸಿಟ್ಟು ಹೋತೇನ ಅಕ್ಕಾ?’ ಎಂದಳು. ‘ನಿನ್ನ ಮ್ಯಾಲಿಂದು ಹೋತು’ ಎಂದೆ.

ಅವತ್ತಿನ ಪುಸ್ತಕದ ಚರ್ಚೆ ಎಳೆದಾಡಿತು. ಸರ್ ಯಾಕೋ ಕೆಮ್ಮುತ್ತಲೇ ಇರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಪುಟದ ಗುರುತಿಗೆ ಅವರು ಇಡುವ ಬಿಳಿ ಚೀಟಿ ಅಲ್ಲ. ಬಸ್ಸಿನ ಟಿಕೀಟು.

‘ಅಕ್ಕಾರ, ನಿಮ್ಮ ಪುಟ ತಪ್ಪೈತ್ರಿ’ ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ.

‘ಹ್ವಾದ ಐತವಾರ ಖಾನಾಪುರಕ್ಕ ಹೋಗಿದ್ದೆ. ಬರೂಮುಂದ ಸ್ಟ್ಯಾಂಡಿನಾಗ ಬಸ್ ಹೊಂಟ ಕೂಡ್ಲೆ ನೀವು ಹೇಳಿದ ಅಧ್ಯಾಯ ಹಚ್ಚಿದೆ. ಸೊಸಿ ಫೋನಿಗೆ ಹಾಕಿ ಕೊಟ್ಟಿದ್ಲು. ಆ ಮುದುಕಿ ಮಾತು ಪೀರನವಾಡಿಗೆ ಬರಲಿಲ್ಲ. ಮಚ್ಛೆಕ್ಕನ ಬಂತು. ಪೀರನವಾಡಿ ಮುಟ್ಟೂದ್ರಾಗ ಅಧ್ಯಾಯನ ಮುಗದಿತ್ತು.’

ನನ್ನನ್ನು ಹಿಡಿದೇಬಿಟ್ಟೆ ಎಂಬ ಗೆಲುವು ಅವರ ದನಿಯಲ್ಲಿತ್ತು. ತಪ್ಪು ಹುಡುಕಲೆಂದೇ ಅಷ್ಟು ದೂರ ಹೋಗಿ ಬಂದಿದ್ದರು.

‘ನಂದು ಬ್ಯಾರೆ ಆವೃತ್ತಿರೀ ಸರ್’ ಎಂದೆ. ‘ನೀವು ಐತವಾರದ ಬಸ್ಸಿಗೆ ಬಂದೀರಿ, ಅದು ಕೈ ಮಾಡಿದಲ್ಲೆಲ್ಲಾ ನಿಲ್ಲತೈತಿ. ನಂದು ಬೆಳಿಗ್ಗಿ ಫ್ಯಾಕ್ಟರಿ ಬಸ್ಸು.’

ಸಾವಕಾರ್ರು ಹೊಟ್ಟೆ ಹಿಡಿದು ನಕ್ಕರು. ಸರ್ ನಗಲಿಲ್ಲ. ಮೇಜಿನ ಮೇಲಿನ ಟಿಕೀಟನ್ನು ಬೆರಳಿನಿಂದ ಸವರಿ ನೆಟ್ಟಗೆ ಮಾಡಿದರು. ಆವೃತ್ತಿ ಬೇರೆ ಎಂದು ತಿಳಿದ ಮೇಲೆ ಪುಟದ ತಕರಾರು ಮುಂದುವರಿಸುವಂತಿಲ್ಲ, ಪದ್ಧತಿ ಅವರದ್ದೇ.

‘ಹಂಗಾದ್ರ ಸರಿ’ ಎಂದರು ಕೊನೆಗೆ. ‘ಸಣ್ಣ ಹುಡುಗರ ಕತಿ ಅಂತ ನಾ ಈಗೂ ಅಂತೀನಿ. ಆದ್ರ ಹೇಳ್ರಿ. ಮಚ್ಛೆಯಿಂದ ಹೇಳ್ರಿ.’

‘ಪೀರನವಾಡಿಯಿಂದ’ ಎಂದೆ.

ಹೇಳಿದೆ. ಗಡಿಗೆಯವರು ಬಾಗಿಲಲ್ಲಿ ನಿಂತದ್ದು, ನಿನಗೂ ಹಗುರ ಎಂದು ಪುಸಲಾಯಿಸಿದ್ದು, ಮುದುಕಿ ಗಡಿಗೆಯ ಬಾಯಿಗೆ ಅಂಗೈ ಅಡ್ಡ ಇಟ್ಟು, ದುಃಖವಾದರೂ ನನ್ನದು, ಕೊಡೆ ಎಂದದ್ದು. ಆ ಮಾತು ಹೇಳುವಾಗ ದನಿ ನಡುಗಿತು, ನಡುಗಲಿ ಎಂದು ಬಿಟ್ಟೆ. ಯಾರೂ ಪುಸ್ತಕದ ಹಾಳೆ ತಿರುವುತ್ತಿರಲಿಲ್ಲ. ಸರ್ ಕಣ್ಣು ಮುಚ್ಚಿಕೊಂಡಿದ್ದರು. ಕಿಟಕಿಯ ಬಿಸಿಲು ಕೆಂಪಾಗಿ ಸಾವಕಾರ್ರ ಬಿಳಿ ಧೋತರದ ಮೇಲೆ ಬಿದ್ದಿತ್ತು. ಅವರು ಎದ್ದು ನಿಂತರು, ಮತ್ತೆ ಕುಳಿತರು. ಕೆಳಗಿನಿಂದ ಊಟಕ್ಕೆ ಕರೆ ಬಂತು.

‘ಮುಂದೇನಾತ್ರಿ? ಲಗೂನ ಹೇಳ್ರಿ, ಹೊತ್ತು ಮುಳಗತೈತಿ’ ಎಂದರು ಸಾವಕಾರ್ರು.

‘ಲಗೂ ಹೇಳೂ ಕತಿ ಅಲ್ರಿ ಇದು. ಹೋಗಿ ಊಟಾ ಮಾಡಿ ಬರ್ರಿ’ ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ‘ನಾ ಎಲ್ಲೂ ಹೋಗೂದಿಲ್ಲ.’