ಗೋಡೆಯ ತಟ್ಟೆ, ಗೇಟಿನಾಚೆಯ ನೀರು

ರಸ್ತೆ ಅಗೆಯುವವನೊಬ್ಬ ಬಿಸಿಲಿಗೆ ತಲೆ ತಿರುಗಿ ನಮ್ಮ ಗೇಟಿನೆದುರು ಕುಸಿದ. ನಮ್ಮೂರ ಕಡೆಯ ಪದ್ಧತಿಯಂತೆ ನಾನು ಬೆಲ್ಲ, ನೀರು ಹಿಡಿದು ಹೊರಟೆ.

"ಗೇಟು ತೆಗೀಬೇಡ ಮಾರಾಯ್ತಿ! ಹೊರಗಿನವರಿಗೆ ತೆಗೀಬಾರ್ದು ಅಂತ ಕಾಂಪೌಂಡಿನ ರೂಲ್ಸ್ ಉಂಟು, ನಿನ್ನ ಕೆಲಸ ಹೋದೀತು" ಎಂದರು ಮಂಗಳೂರಿನ ಮೇಡಂ. ಎಂಬತ್ತರ ದಶಕದಲ್ಲಿ ಸೌದಿಯ ರಾಸ್ ತನೂರಾದಲ್ಲಿ, ಎಣ್ಣೆ ಕಂಪೆನಿಯ ಕಾಂಪೌಂಡಿನೊಳಗಿನ ಅವರ ಮನೆಗೆ ನಾನು ಅಡುಗೆಯವಳು.

ಗೋಡೆಯಲ್ಲಿ ಅವರ ಗಂಡ, ಸಾಹೇಬರು, ಅಮೆರಿಕದಿಂದ ತಂದು ತೂಗುಹಾಕಿದ ಅಲಂಕಾರದ ತಟ್ಟೆಯಿತ್ತು. ಅದರ ಮೇಲಿದ್ದುದು ಅಲ್ಲಿನ ಒಂದು ರಾಜ್ಯದ ಧ್ಯೇಯವಾಕ್ಯ, ಲ್ಯಾಟಿನ್ನಿನಲ್ಲಿ. ಜನರ ಕ್ಷೇಮವೇ ಎಲ್ಲಕ್ಕಿಂತ ದೊಡ್ಡ ಕಾನೂನು ಎಂದು ಅರ್ಥ ಹೇಳಿದ್ದು ಮೇಡಮ್ಮೇ.

"ಹಾಗಾದ್ರೆ ಆ ತಟ್ಟೆ ಎಂತಕ್ಕೆ? ಚಂದಕ್ಕಾ?" ಎಂದೆ.

ಮೇಡಂ ನನ್ನ ಕೈಯ ನೀರಿನ ಚೊಂಬು ಕಸಿದುಕೊಂಡು ತಾವೇ ಗೇಟು ತೆರೆದರು. ನೀರು ಕುಡಿದು ಅವನು ಎದ್ದು ಕುಳಿತ. ನನ್ನ ಕೆಲಸವೂ ಉಳಿಯಿತು.

ನಾನು ಹೆಚ್ಚು ಓದಿದವಳಲ್ಲ. ಯಾರದೇ ಮನೆಯ ಗೋಡೆಯ ಮೇಲೆ ದೊಡ್ಡ ಮಾತು ಕಂಡರೆ ಈಗಲೂ ಮೊದಲು ಆ ಮನೆಯ ಗೇಟು ಹೊರಗಿನವರಿಗೆ ತೆರೆಯುತ್ತದೆಯೇ ಎಂದು ನೋಡುತ್ತೇನೆ.