ಪೈಪಿನ ಬಾಯಿಗೆ ಕಟ್ಟಿದ ಪಂಚೆ

ಮಾದೇಶಣ್ಣ, ಆ ಡ್ರೈಯರ್ ಕೆಟ್ಟಿರಲೇ ಇಲ್ಲ. ಅದರ ಬಿಸಿ ನಿಲ್ಲಿಸುತ್ತಿದ್ದವಳು ನಾನು. ಏಳು ವರ್ಷ ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತಿದ್ದೇನೆ — ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನೀವು ಹನೂರಿನಿಂದ ಬರುತ್ತಿದ್ದ ಮೆಕ್ಯಾನಿಕ್. ನಾನು ಕೊಳ್ಳೇಗಾಲದ ಆ ಲಾಂಡ್ರಿಯಲ್ಲಿ ಲಾಡ್ಜ್‌ಗಳ ಬೆಡ್‌ಶೀಟ್ ಒಗೆದು ಒಣಗಿಸುತ್ತಿದ್ದವಳು. ಡ್ರೈಯರ್‌ನ ಬಿಸಿಗಾಳಿ ಹೊರಹೋಗುವ ಪೈಪು ನಮ್ಮ ನೇಕಾರರ ಬೀದಿಯ ಕಡೆ ಇತ್ತಲ್ಲ — ಎಲ್ಲದರ ಮೂಲ ಅದೇ. ಮಗ್ಗಕ್ಕೆ ಏರಿಸುವ ಮುಂಚೆ ರೇಷ್ಮೆಯ ಹಾಸನ್ನು, ಅಂದರೆ ನೇಯ್ಗೆಯ ಉದ್ದೆಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಕಡಿದ ಎಳೆಗಳನ್ನು ಜೋಡಿಸುತ್ತೇವೆ. ಬಿಸಿಲೇರುವ ಮುಂಚೆ, ಬೆಳಿಗ್ಗೆಯೇ ಮುಗಿಸಬೇಕು. ಶೀಟುಗಳಿಂದ ಉದುರಿದ ಹತ್ತಿಯ ಜುಂಗು ಆ ಪೈಪಿನಿಂದ ಹಾರಿ ಬಂದು ನನ್ನ ಅವ್ವನ ಹಾಸಿನ ಮೇಲೆ ಕೂರುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಆಯುತ್ತಿದ್ದಳು.

ಪೈಪು ಬೇರೆ ಕಡೆ ತಿರುಗಿಸಿ ಅಂತ ಮಾಲೀಕರಿಗೆ ಎರಡು ಸಲ ಹೇಳಿದೆ. "ಗಾಳಿಗೆ ಎಲ್ಲಿಗೋಗು ಅಂತ ನಾನೇಳಕಾಯ್ತದಾ?" ಅಂತ ನಕ್ಕರು.

ನಾನು ನಗಲಿಲ್ಲ. ದಿನಾ ಬೆಳಿಗ್ಗೆ ಅಪ್ಪನ ಹಳೇ ಪಂಚೆ ತಂದು ಪೈಪಿನ ಬಾಯಿಗೆ ಬಿಗಿಯುತ್ತಿದ್ದೆ. ಹಾಸು ಸುತ್ತಿದ ಮೇಲೆ, ಹತ್ತು ಗಂಟೆಗೆ ಬಿಚ್ಚುತ್ತಿದ್ದೆ. ಗಾಳಿ ಹೊರಹೋಗದೆ ಒಳಗೆ ಶಾಖ ಹೆಚ್ಚಾಗಿ ಬಿಸಿ ಮಾಡುವ ಕಾಯಿಲ್ ತಾನಾಗಿ ಆರುತ್ತಿತ್ತು. ತಣಿದರೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನೀವು ಬಸ್ಸಿಳಿದು ಬರುವಷ್ಟರಲ್ಲಿ ಹನ್ನೊಂದು ದಾಟಿರುತ್ತಿತ್ತು — ಮೆಷಿನ್ ಸರಿಯಾಗೇ ಇರುತ್ತಿತ್ತು! ಥರ್ಮೋಸ್ಟಾಟ್ ಬದಲಿಸಿದಿರಿ, ಕಾಯಿಲ್ ಬದಲಿಸಿದಿರಿ, ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದಿರಿ. ಮಾರನೇ ಬೆಳಿಗ್ಗೆ ಮತ್ತೆ ಅದೇ ಹಾಡು.

ಪಂಚೆ ಕಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತೂ ಬೇಕಾದರೆ ಕಟ್ಟುತ್ತೇನೆ, ಯಾರು ಕೇಳುತ್ತಾರೋ ಕೇಳಲಿ. ಆದರೆ ಮೂರನೇ ಸಲ ಬಂದಾಗ ನೀವು ಪೈಪಿನ ಅಂಚು ಸವರಿ, ಅಲ್ಲಿ ಸಿಕ್ಕಿಕೊಂಡಿದ್ದ ಬಿಳಿ ದಾರದ ಎಳೆಯೊಂದನ್ನು ಹಿಡಿದು ನನ್ನ ಮುಖ ನೋಡಿದಿರಿ.

"ಏನವ್ವ, ಒತ್ತಾರೆ ಈ ಪೈಪ್ನ ಯಾರಾರ ಮುಟ್ಟಾರಾ?"

"ಇಲ್ಲ ಕಣಣ್ಣ, ಯಾರೂ ಮುಟ್ಟಲ್ಲ."

ಅಷ್ಟೇ. ನೀವು ನಂಬಿದಿರಿ. ನಂಬದಿದ್ದರೆ ಚೆನ್ನಾಗಿತ್ತು — ಮರುದಿನ ಮಾಲೀಕರು ನಿಮ್ಮನ್ನು ಕರೆಸಿ ಎಲ್ಲರೆದುರು, "ಕೆಲ್ಸ ಬರ್ದೆ ಬತ್ತೀಯಲ್ಲಾ, ಓಗ್ಲಾ, ಇನ್ನ ಈ ಕಡೆ ತಲೆ ಆಕ್ಬೇಡ" ಅಂದಾಗ ನಾನು ಶೀಟು ಮಡಿಸುತ್ತಾ ನಿಂತಿದ್ದೆ. ಅವರ ಮಾತು ಕೇಳಿ ಲಾಡ್ಜ್‌ಗಳವರೂ ನಿಮ್ಮನ್ನು ಕರೆಯುವುದು ಬಿಟ್ಟರು. ಹನೂರಿನ ಅಂಗಡಿ ಮುಚ್ಚಿ ಪಾಲಾರ್ ಕಡೆ ಹೋದಿರೆಂದು ಕೇಳಿದೆ. ನನ್ನ ಜಗಳ ಮಾಲೀಕರ ಜೊತೆ ಇತ್ತು. ಪೆಟ್ಟು ತಿಂದವರು ನೀವು. ಆ ಸುಳ್ಳಿಗೆ ಅವ್ವನ ಹಾಸಿನ ನೆಪ ಹೇಳುವುದಿಲ್ಲ.

ನಿನ್ನೆ ಆ ಪಂಚೆಯನ್ನು ಮಾಲೀಕರ ಮೇಜಿನ ಮೇಲೆ ಹಾಕಿದೆ. ಲಾಡ್ಜ್‌ನವರು ಇಬ್ಬರಿದ್ದರು, ಅವರ ಮುಂದೆಯೇ ಎಲ್ಲ ಹೇಳಿದೆ. "ನಾಳಿಂದ ನೀ ಬರ್ಬೇಡ" ಅಂದರು. "ಬರಲ್ಲ ಬುಡಿ. ಪೈಪ್ ಮಾತ್ರ ತಿರುಗ್ಸಿ" ಅಂದೆ.

ನಿಮಗೆ ಹೇಳುವುದೊಂದು ಬಾಕಿ ಇತ್ತು. ಅವತ್ತು ನೀವು ಕೇಳಿದ್ದಕ್ಕೆ —

ಊಂ ಕಣಣ್ಣ. ಮುಟ್ತಿದ್ದೆ. ನಾನೇ.